ತಾರಸಿ ಮೇಲಿನ ಆಂಟೆನಾ, ಆಕಾಶಕ್ಕೆ ಸಾಕ್ಷಿ: ಮನೆಯಲ್ಲೇ ವಿಮಾನಗಳ ಜಾಡು ಹಿಡಿಯುವ ರಿಸೀವರ್ ಈಗ ಯಾಕೆ ಮುಖ್ಯ?

2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ 171 ವಿಮಾನ ಪತನವಾದ ಕೆಲವೇ ಹೊತ್ತಿನಲ್ಲಿ ಒಂದು ಅಂಕಿ ಎಲ್ಲೆಡೆ ಓಡಾಡಿತು: 625 ಅಡಿ. ಕೊನೆಯ ಸಿಗ್ನಲ್‌ಗಳಲ್ಲಿ ಸಿಕ್ಕ ಗರಿಷ್ಠ ಎತ್ತರ ಅದು. ಆದರೆ ವಿಮಾನ ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 200 ಅಡಿ ಮೇಲಿದೆ ಎಂಬುದನ್ನು ಹಲವರು ಗಮನಿಸಲಿಲ್ಲ. ಈ ಅಂಕಿ ಕೊಟ್ಟದ್ದು ಸರ್ಕಾರದ ರಾಡಾರ್ ಅಲ್ಲ, ಫ್ಲೈಟ್‌ರಾಡಾರ್24. ಇಂಥ ತಾಣಗಳ ಬೆನ್ನೆಲುಬು ಎಂದರೆ ಆಸಕ್ತರು ಮನೆಯ ತಾರಸಿ, ಬಾಲ್ಕನಿಗಳಲ್ಲಿ ಇಟ್ಟುಕೊಂಡಿರುವ ಪುಟ್ಟ ರೇಡಿಯೊ ರಿಸೀವರ್‌ಗಳು.

ಅದೇ ದಿನ ಇನ್ನೊಂದು ಊಹೆಯೂ ಹಬ್ಬಿತ್ತು. ಮೊದಲು ಸಿಕ್ಕ ಮಾಹಿತಿ ನೋಡಿ, ವಿಮಾನ ರನ್‌ವೇಯ ನಡುವಿನಿಂದಲೇ ಮೇಲೇರಿತು ಎಂದು ಹಲವರು ಷರಾ ಬರೆದುಬಿಟ್ಟರು. ನಂತರ ಬೇರೆ ರಿಸೀವರ್‌ಗಳ ದತ್ತಾಂಶ ಜೋಡಿಸಿ ನೋಡಿದಾಗ, ವಿಮಾನ ರನ್‌ವೇಯ ತುದಿಯವರೆಗೆ ಹೋಗಿ, ಪೂರ್ತಿ ಉದ್ದವನ್ನು ಬಳಸಿಕೊಂಡೇ ಹಾರಿದ್ದು ಖಚಿತವಾಯಿತು. ಸಿಗ್ನಲ್ ಸಿಗದ ಜಾಗವನ್ನು ಜನ ತಮ್ಮ ಕಲ್ಪನೆಯಿಂದ ತುಂಬಿದ್ದರು, ಅಷ್ಟೇ.

ಕೆಲಸ ಮಾಡುವುದು ಹೇಗೆ?

ವಿಮಾನವು ಜಿಪಿಎಸ್‌ನಿಂದ ತನ್ನ ಸ್ಥಾನ ತಿಳಿದು, ಅದನ್ನು 1090 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು ಎರಡು ಬಾರಿ ಕೂಗಿ ಹೇಳುತ್ತಿರುತ್ತದೆ. ಇದೇ ಎಡಿಎಸ್-ಬಿ. ಇದಕ್ಕೆ ಗೂಢಲಿಪಿ ಇಲ್ಲ, ಬೀಗ ಇಲ್ಲ. ಟಿವಿ ನೋಡಲೆಂದು ತಯಾರಾದ ಅಗ್ಗದ ಯುಎಸ್‌ಬಿ ಡಾಂಗಲ್‌ನಿಂದಲೂ ಇದನ್ನು ಕೇಳಬಹುದು ಎಂಬುದು 2012ರ ಹೊತ್ತಿಗೆ ಗೊತ್ತಾದ ಮೇಲೆ ಈ ಹವ್ಯಾಸ ಮನೆಮನೆಗೆ ಬಂತು. ಡಾಂಗಲ್, ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್, ಡಂಪ್1090 ಅಥವಾ ಅದರಿಂದ ಹುಟ್ಟಿದ ಯಾವುದಾದರೂ ಉಚಿತ ತಂತ್ರಾಂಶ, ಒಂದು ಆಂಟೆನಾ. ಕೆಲವು ಸಾವಿರ ರೂಪಾಯಿಯ ಬಾಬತ್ತು.

ಇದರಲ್ಲಿ ದುಡ್ಡಿಗಿಂತ ಜಾಗ ಮುಖ್ಯ. ಕಾಲು ತರಂಗದ ಆಂಟೆನಾ ಏಳು ಸೆಂಟಿಮೀಟರ್ ಕೂಡ ಇರುವುದಿಲ್ಲ, ಆದರೆ ಅದಕ್ಕೆ ಆಕಾಶ ಕಾಣಬೇಕು. ತಾರಸಿ ಮೇಲಿಟ್ಟರೆ 35 ಸಾವಿರ ಅಡಿ ಎತ್ತರದ ವಿಮಾನವನ್ನು 400 ಕಿ.ಮೀ. ದೂರದಿಂದಲೂ ಹಿಡಿಯಬಹುದು. ಮುಂಬೈನ ಒತ್ತೊತ್ತು ಕಟ್ಟಡಗಳ ನಡುವೆ ಮೂರನೇ ಮಹಡಿಯ ಕಿಟಕಿಯಲ್ಲಿಟ್ಟರೆ ಎದುರಿಗೆ ತೆರೆದ ದಿಕ್ಕು ಮಾತ್ರ ಸಿಕ್ಕೀತು. ಕೆಳಗೆ ಹಾರುವ ವಿಮಾನ ಹತ್ತಿರದ ರಿಸೀವರ್‌ಗೆ ಮಾತ್ರ ಕೇಳಿಸುತ್ತದೆ. ಅಹಮದಾಬಾದ್‌ನ ಗೊಂದಲಕ್ಕೆ ಮೂಲವೂ ಇಂಥ ಮಿತಿಯೇ.

ಜಿಪಿಎಸ್ ಸುಳ್ಳು ಹೇಳಿದರೆ?

2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ ಗಡಿ ಪ್ರದೇಶದಲ್ಲಿ, ಹೆಚ್ಚಾಗಿ ಅಮೃತಸರ ಮತ್ತು ಜಮ್ಮು ಭಾಗದಲ್ಲಿ, ಜಿಪಿಎಸ್‌ಗೆ ಅಡ್ಡಿಯಾದ 465 ಪ್ರಕರಣ ವರದಿಯಾಗಿವೆ ಎಂದು ಸರ್ಕಾರ ಲೋಕಸಭೆಗೆ ತಿಳಿಸಿತ್ತು. ವರ್ಷಾಂತ್ಯದ ಹೊತ್ತಿಗೆ ಸುದ್ದಿ ಗಡಿ ದಾಟಿ ದೆಹಲಿಗೇ ಬಂತು. ಅಲ್ಲಿನ 10ನೇ ರನ್‌ವೇಗೆ ಜಿಪಿಎಸ್ ನಂಬಿ ಇಳಿಯುತ್ತಿದ್ದ ಕೆಲವು ವಿಮಾನಗಳಿಗೆ ನಕಲಿ ಸಿಗ್ನಲ್ ಎದುರಾಗಿತ್ತು. ಮುಂಬೈ, ಹೈದರಾಬಾದ್, ಬೆಂಗಳೂರು, ಚೆನ್ನೈನಿಂದಲೂ ಅಡ್ಡಿಯ ವರದಿ ಬಂದಿರುವುದಾಗಿ ಸಚಿವರು ಸಂಸತ್ತಿನಲ್ಲಿ ಹೇಳಿದರು.

ಮನೆಯ ರಿಸೀವರ್‌ಗೆ ತೂಕ ಬರುವುದು ಇಲ್ಲಿ. ತನ್ನ ಸ್ಥಾನದ ಲೆಕ್ಕ ಎಷ್ಟು ನಂಬಲರ್ಹ ಎಂಬುದನ್ನೂ ವಿಮಾನ ಸಂದೇಶದಲ್ಲೇ ಹೇಳುತ್ತದೆ. ಒಂದೇ ಪ್ರದೇಶದ ಹಲವು ವಿಮಾನಗಳಲ್ಲಿ ಅದು ಒಮ್ಮೆಲೇ ಕುಸಿದರೆ ಜಾಮಿಂಗ್ ಶಂಕೆ. ನಕ್ಷೆಯಲ್ಲಿ ವಿಮಾನ ಇದ್ದಕ್ಕಿದ್ದಂತೆ ಇನ್ನೆಲ್ಲಿಗೋ ಜಿಗಿದರೆ ನಕಲಿ ಸಿಗ್ನಲ್ ಶಂಕೆ. ನಾಲ್ಕು ರಿಸೀವರ್‌ಗಳಿದ್ದರೆ, ಒಂದೇ ಸಂದೇಶ ಪ್ರತಿಯೊಂದಕ್ಕೂ ತಲುಪಿದ ಸಮಯದ ಸೂಕ್ಷ್ಮ ವ್ಯತ್ಯಾಸದಿಂದ ವಿಮಾನದ ನಿಜವಾದ ಜಾಗವನ್ನು ಲೆಕ್ಕ ಹಾಕಬಹುದು. ಅದಕ್ಕೆ ವಿಮಾನದ ಜಿಪಿಎಸ್ ಬೇಕಿಲ್ಲ.

ದತ್ತಾಂಶ ಯಾರ ಪಾಲು?

ಜನ ಕರೆಂಟು, ಇಂಟರ್ನೆಟ್ ತಮ್ಮ ಖರ್ಚಿನಲ್ಲೇ ಹಾಕಿ ದತ್ತಾಂಶ ಕಳಿಸುತ್ತಾರೆ; ಕಂಪನಿಗಳು ಅದನ್ನು ಮಾರುತ್ತವೆ, ಬದಲಿಗೆ ಉಚಿತ ಚಂದಾ ಕೊಡುತ್ತವೆ. ಹವ್ಯಾಸಿಗಳ ನೆಚ್ಚಿನ ಎಡಿಎಸ್-ಬಿ ಎಕ್ಸ್‌ಚೇಂಜ್ 2023ರ ಜನವರಿಯಲ್ಲಿ ಜೆಟ್‌ನೆಟ್ ಪಾಲಾದಾಗ ಹಲವರು ಸಿಟ್ಟಿನಿಂದ ಹೊರಬಿದ್ದು, ಬೇರೆ ಮುಕ್ತ ಜಾಲಗಳಿಗೆ ದತ್ತಾಂಶ ಕೊಡತೊಡಗಿದರು. ಅವರ ಸಿಟ್ಟಿನಲ್ಲಿ ನ್ಯಾಯವಿದೆ.

ನಮ್ಮಲ್ಲಿ ಇನ್ನೊಂದು ತೊಡಕು ಕಾನೂನಿನದು. ರೇಡಿಯೊ ಉಪಕರಣ ಇಟ್ಟುಕೊಳ್ಳಲು ಅನುಮತಿ ಬೇಕು ಎನ್ನುತ್ತದೆ 2023ರ ದೂರಸಂಪರ್ಕ ಕಾಯ್ದೆ. 1933ರ ನಿಸ್ತಂತು ಕಾಯ್ದೆಯ ಧಾಟಿಯೂ ಅದೇ ಆಗಿತ್ತು. ಭದ್ರತೆಯ ಆತಂಕವನ್ನು ತಳ್ಳಿಹಾಕುವಂತಿಲ್ಲ: ಪುಣೆಯ ಲೋಹೆಗಾಂವ್‌ನಲ್ಲಿ ಪ್ರಯಾಣಿಕರ ವಿಮಾನವೂ ವಾಯುಪಡೆಯ ಯುದ್ಧವಿಮಾನವೂ ಒಂದೇ ರನ್‌ವೇ ಬಳಸುತ್ತವೆ. 2025ರ ಏಪ್ರಿಲ್‌ನಲ್ಲಿ ಸೇನಾ ಚಲನವಲನದ ನೇರಪ್ರಸಾರ ಬೇಡವೆಂದು ಸರ್ಕಾರ ಮಾಧ್ಯಮಗಳಿಗೆ ಸೂಚಿಸಿತ್ತು. ಆದರೆ ಗುಟ್ಟಾಗಿ ಹಾರಬೇಕಾದ ವಿಮಾನಕ್ಕೆ ಈ ಪ್ರಸಾರ ನಿಲ್ಲಿಸುವ ಸ್ವಿಚ್ ಇದೆ. ಎಲ್ಲರಿಗೂ ಕೇಳಲೆಂದೇ ವಿಮಾನ ಕೂಗಿ ಹೇಳುವುದನ್ನು ಕೇಳಿಸಿಕೊಳ್ಳುವುದು ಮತ್ತು ರೇಡಿಯೊದಲ್ಲಿ ತಾನೇ ಮಾತಾಡುವುದು ಎರಡೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ವಿನಾಯಿತಿ ಕೊಡುವ ಅಧಿಕಾರವನ್ನೂ ಅದೇ ಕಾಯ್ದೆ ಸರ್ಕಾರಕ್ಕೆ ಕೊಟ್ಟಿದೆ. ಪ್ರಸಾರ ಮಾಡಲಾಗದ, ಬರೀ ಕೇಳುವ ರಿಸೀವರ್‌ಗಳಿಗೆ ಹೆಸರು ಹೇಳಿ ಆ ವಿನಾಯಿತಿ ಕೊಡಲು ಒಂದು ಅಧಿಸೂಚನೆ ಸಾಕು.