ಪೂರ್ತಿ ಹಾಡು ಕೇಳಿದ್ದೀವಾ ನಾವು?

ಇಂಟರ್ನಲ್ಸ್ ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ಏನು ನಡೆಯುತ್ತೆ ಅಂತ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಲ್ಯಾಪ್‌ಟಾಪ್‌ನಲ್ಲಿ ನೋಟ್ಸ್ ತೆರೆದಿರುತ್ತೆ, ಪಕ್ಕದ ಮೊಬೈಲಿನಲ್ಲಿ ಯೂಟ್ಯೂಬ್ ಓಡ್ತಿರುತ್ತೆ. ಕಳೆದ ವರ್ಷ ಇಡೀ ನಮ್ಮ ರೂಮಿನ ಚಟ ಅಂದ್ರೆ ಅ ಕಪೆಲ್ಲಾ ಹಾಡುಗಳ ರಿಯಾಕ್ಷನ್ ವಿಡಿಯೋಗಳು. ಪೆಂಟಾಟಾನಿಕ್ಸ್ ತಂಡದ ‘ಹಲ್ಲೆಲೂಯಾ’ಗೆ ಯಾರ್ಯಾರು ರಿಯಾಕ್ಟ್ ಮಾಡಿದ್ದಾರೋ ಅಷ್ಟೂ ಜನರನ್ನ ನೋಡಿ ಮುಗಿಸಿದ್ದೀವಿ ಅನ್ಸುತ್ತೆ. ಒಪೆರಾ ಗಾಯಕಿ, ಗಿಟಾರ್ ನುಡಿಸೋರು, ಸಂಗೀತದ ಮೇಷ್ಟ್ರು, ಸಂಗೀತದ ಗಂಧವೇ ಇಲ್ಲದ ಅಪ್ಪ-ಮಗ. ಯಾರು ಎಲ್ಲಿ ಕಣ್ಣು ಅಗಲಿಸ್ತಾರೆ, ಯಾರು ಎಲ್ಲಿ ವಿಡಿಯೋ ನಿಲ್ಲಿಸಿ ತಲೆ ಮೇಲೆ ಕೈ ಇಟ್ಕೋತಾರೆ, ಎಲ್ಲಾ ನಮಗೆ ಬಾಯಿಪಾಠ.

ಒಂದಿನ ನಮ್ಮಲ್ಲೇ ಒಬ್ಬ ಕೇಳಿದ: “ಮಗಾ, ಆ ಹಾಡನ್ನ ಒಂದ್ಸಲನಾದ್ರೂ ಪೂರ್ತಿ ಕೇಳಿದ್ದೀವಾ?”

ಯಾರೂ ಕೇಳಿರಲಿಲ್ಲ. ಹಾಡಿನ ತುಣುಕುಗಳು ಗೊತ್ತಿದ್ದವು, ತುಣುಕುಗಳ ನಡುವೆ ಬೇರೆಯವರು ಆಡಿದ ಮಾತೂ ಗೊತ್ತಿತ್ತು. ಹಾಡು ಮಾತ್ರ ಗೊತ್ತಿರಲಿಲ್ಲ. ಈ ಬರಹ ಶುರುವಾಗಿದ್ದು ಆ ಪ್ರಶ್ನೆಯಿಂದ. ಇದರಲ್ಲಿ ನಾವೇ ಮಾಡಿದ ಒಂದು ತಪ್ಪಿನ ಕಥೆಯೂ ಇದೆ. ಅದನ್ನ ಹೇಳದೆ ಬರೀ ಉಪದೇಶ ಮಾಡಿದ್ರೆ ನಮ್ಮನ್ನ ಬಲ್ಲ ನೀವು ನಕ್ಕುಬಿಡ್ತೀರಿ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ವಾದ್ಯಗಳಿಲ್ಲದೆ ಬರೀ ಕಂಠದಲ್ಲಿ ಹಾಡೋದಕ್ಕೆ ಅ ಕಪೆಲ್ಲಾ ಅಂತಾರೆ. ಇಟಾಲಿಯನ್ ಮಾತು, ‘ಪ್ರಾರ್ಥನಾ ಮಂದಿರದ ರೀತಿಯಲ್ಲಿ’ ಅಂತ ಅರ್ಥ. ಅಮೆರಿಕದ ಕ್ಯಾಂಪಸ್‌ಗಳಲ್ಲಿ ಇದು ಹಳೇ ಹುಚ್ಚು. ಯೇಲ್ ವಿಶ್ವವಿದ್ಯಾಲಯದ ವಿಫನ್‌ಪೂಫ್ಸ್ ತಂಡ 1909ರಿಂದ ಹಾಡ್ತಾ ಬಂದಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಶುರುವಾದ ಪೆನ್ ಮಸಾಲಾ ತಂಡದವರು ಹಿಂದಿ ಮತ್ತು ಇಂಗ್ಲಿಷ್ ಹಾಡುಗಳನ್ನ ಬೆರೆಸಿ ಹಾಡೋದರಲ್ಲೇ ಹೆಸರು ಮಾಡಿದರು. ಅಂದ್ರೆ ಇದು ನಮ್ಮ ಹಾಗೆ ನಾಳೆ ಪರೀಕ್ಷೆ ಇಟ್ಕೊಂಡು ಇವತ್ತು ರಿಹರ್ಸಲ್ ಮಾಡೋ ಹುಡುಗ ಹುಡುಗಿಯರ ಕಲೆ. 2009ರಲ್ಲಿ ಎನ್‌ಬಿಸಿ ವಾಹಿನಿ ‘ದಿ ಸಿಂಗ್-ಆಫ್’ ಅನ್ನೋ ಸ್ಪರ್ಧೆ ಶುರು ಮಾಡಿತು. 2011ರಲ್ಲಿ ಅದನ್ನ ಗೆದ್ದವರು ಟೆಕ್ಸಾಸ್‌ನ ಪೆಂಟಾಟಾನಿಕ್ಸ್, 2013ರಲ್ಲಿ ಗೆದ್ದವರು ಮಿನೆಸೋಟದ ಹೋಮ್ ಫ್ರೀ. ಇವತ್ತು ರಿಯಾಕ್ಷನ್ ಚಾನೆಲ್‌ಗಳಲ್ಲಿ ಮತ್ತೆ ಮತ್ತೆ ಕಾಣೋ ಹೆಸರುಗಳು ಹೆಚ್ಚಾಗಿ ಆ ವೇದಿಕೆಯಿಂದ ಬಂದವು.

ಸಿಂಗ್-ಆಫ್‌ನ ತೀರ್ಪುಗಾರರಲ್ಲಿ ಬೆನ್ ಫೋಲ್ಡ್ಸ್ ಅನ್ನೋ ಪಿಯಾನೋ ವಾದಕ ಇದ್ದರು. ಯಾರ ದನಿ ಎಲ್ಲಿ ಕೂತಿತು, ಎಲ್ಲಿ ಜಾರಿತು ಅಂತ ಅವರು ಬಿಡಿಸಿ ಹೇಳ್ತಿದ್ದರು. ಒಂಥರಾ ಇವತ್ತಿನ ವಿಶ್ಲೇಷಣೆಯ ಚಾನೆಲ್‌ಗಳಿಗೆ ಅವರೇ ಹಿರಿಯಣ್ಣ. ಒಂದೇ ವ್ಯತ್ಯಾಸ. ಅವರು ಬಾಯಿ ತೆರೀತಿದ್ದದ್ದು ಹಾಡು ಮುಗಿದ ಮೇಲೆ.

ರಿಯಾಕ್ಷನ್ ವಿಡಿಯೋಗಳೆಲ್ಲ ಕಸ ಅಂತ ನಾವು ಹೇಳಲ್ಲ. ಅವುಗಳಿಂದ ನಾವು ಕಲಿತದ್ದು ಸುಳ್ಳಲ್ಲ. ಐದು ದನಿ ಒಂದೇ ದನಿ ಥರ ಕೇಳಬೇಕು ಅಂದ್ರೆ ಐವರೂ ಸ್ವರಾಕ್ಷರವನ್ನ ಒಂದೇ ಬಾಯಿಯ ಆಕಾರದಲ್ಲಿ ಹೇಳಬೇಕು ಅಂತ ನಮಗೆ ತಿಳಿದದ್ದು ಇಂಥ ಒಂದು ವಿಡಿಯೋದಿಂದಲೇ. ಹೋಮ್ ಫ್ರೀಯ ಟಿಮ್ ಫೌಸ್ಟ್, ವಾಯ್ಸ್‌ಪ್ಲೇಯ ಜೆಫ್ ಕ್ಯಾಸ್ಟೆಲುಚಿ ಪಾತಾಳಕ್ಕೆ ಇಳಿದಾಗ ಎಲ್ಲರೂ “ಅಬ್ಬಾ!” ಅಂತಾರಲ್ಲ, ಅದರ ಹಿಂದಿನ ಫಿಸಿಕ್ಸ್ ಹುಡುಕಿಕೊಂಡು ಹೋಗಿದ್ದೂ ಹಾಗೇ. 65 ಹರ್ಟ್ಜ್‌ನ ಸ್ವರವನ್ನ ಸರಿಯಾಗಿ ಹೊರಡಿಸೋ ತಾಕತ್ತು ನಮ್ಮ ಮೊಬೈಲಿನ ಪುಟಾಣಿ ಸ್ಪೀಕರಿಗೆ ಇಲ್ಲ. ಆದ್ರೂ ಬೇಸ್ ಕೇಳಿಸುತ್ತೆ. ಯಾಕಂದ್ರೆ ಅದರ ಮೇಲಿನ 195, 260, 325 ಹರ್ಟ್ಜ್ ಹಾರ್ಮೋನಿಕ್‌ಗಳು ಬರ್ತವೆ. ಅವುಗಳ ನಡುವಿನ ಅಂತರ 65. ಆ ಅಂತರ ನೋಡಿ ಮಿದುಳೇ ಕೆಳಗಿನ ಸ್ವರವನ್ನ ತುಂಬಿಕೊಳ್ಳುತ್ತೆ. ಅಂದ್ರೆ ಅರ್ಧ ಬೇಸ್ ಅವರು ಹಾಡಿದ್ದು, ಅರ್ಧ ನಮ್ಮ ತಲೆ ಹಾಡಿದ್ದು! ಒಂದು ಒಳ್ಳೇ ವಿಶ್ಲೇಷಣೆ ಇಂಥ ಜಾಗಕ್ಕೆ ನಮ್ಮನ್ನ ತಲುಪಿಸಿದ್ರೆ ಅದಕ್ಕೆ ಕೈ ಮುಗೀಬೇಕು.

ತೊಂದರೆ ಇರೋದು ಇನ್ನೊಂದು ಬಗೆಯಲ್ಲಿ. ಬಾಯಿ ತೆರೆದ ಮುಖದ ಥಂಬ್‌ನೇಲ್, ‘ಮೊದಲ ಸಲ ಕೇಳ್ತಿದ್ದೀನಿ’ ಅನ್ನೋ ತಲೆಬರಹ, ಇಪ್ಪತ್ತು ಸೆಕೆಂಡಿಗೊಮ್ಮೆ ನಿಲ್ಲಿಸಿ “ವಾವ್”. ಅಲ್ಲಿ ಬೆರಗಾಗೋ ಜಾಗವೂ ಮೊದಲೇ ನಿಶ್ಚಯ: ಬೇಸ್ ಇಳಿದಾಗ ಒಂದು, ಬೀಟ್‌ಬಾಕ್ಸ್ ಶುರುವಾದಾಗ ಒಂದು, ಮೇಲಿನ ದನಿ ಏರಿದಾಗ ಒಂದು. ನಡುವೆ ಇಬ್ಬರು ಸದ್ದಿಲ್ಲದೆ ಹಾಡನ್ನ ಎತ್ತಿ ಹಿಡಿದಿರ್ತಾರೆ, ಅವರನ್ನ ಕೇಳೋರೇ ಇಲ್ಲ. ಪೆಂಟಾಟಾನಿಕ್ಸ್‌ನವರು ಡಾಫ್ಟ್ ಪಂಕ್‌ನ ಹಾಡುಗಳನ್ನ ಹೆಣೆದು ಹಾಡಿದ್ದಕ್ಕೆ 2015ರಲ್ಲಿ ಗ್ರ್ಯಾಮಿ ಬಂತು. ಅದು ಯಾರೊಬ್ಬರ ಗಂಟಲಿಗೆ ಬಂದ ಪ್ರಶಸ್ತಿ ಅಲ್ಲ, ಅರೇಂಜ್‌ಮೆಂಟ್‌ಗೆ ಬಂದದ್ದು. ತಂಡದ ಐವರ ಜೊತೆ ಅದನ್ನ ಹೆಣೆದ ಬೆನ್ ಬ್ರ್ಯಾಮ್ ತಂಡದ ಗಾಯಕರಲ್ಲ. ನಮ್ಮ ಬೆರಗಿನ ಪಟ್ಟಿಯಲ್ಲಿ ಅಂಥವರಿಗೆ ಜಾಗವೇ ಇಲ್ಲ.

ಇನ್ನು ನಮ್ಮ ಕಥೆಗೆ ಬರೋಣ.

ಕಳೆದ ವರ್ಷದ ಫೆಸ್ಟ್ ನೆನಪಿದೆಯಲ್ಲ? ಎರಡು ಡಾನ್ಸ್‌ಗಳ ನಡುವೆ ಐದು ಜನ ಜೂನಿಯರ್ಸ್ ಬಂದು ವಾದ್ಯ ಇಲ್ಲದೆ ಹಾಡಿದರು. ಎರಡೇ ಮೈಕು, ಅದರಲ್ಲೊಂದು ಕೊರಕೊರ ಅಂತಿತ್ತು. ಹಿಂದಿನ ಸಾಲಿನಲ್ಲಿ ಕೂತು ನಾವು ರೆಕಾರ್ಡ್ ಮಾಡಿಕೊಂಡೆವು. ಆ ರಾತ್ರಿನೇ ನಮ್ಮದೂ ಒಂದು ರಿಯಾಕ್ಷನ್ ವಿಡಿಯೋ ತಯಾರಾಯ್ತು. ಹಾಡಿನ ಕೊನೆಯಲ್ಲಿ ನಾಲ್ವರು ನಿಲ್ಲಿಸ್ತಾರೆ, ಒಬ್ಬಳು ಮಾತ್ರ ಒಂದು ಸ್ವರ ಹಿಡಿದು ನಿಲ್ತಾಳೆ. ನಾವು ಅಲ್ಲಿ ನಿಲ್ಲಿಸಿ, ಟ್ಯೂನರ್ ಆ್ಯಪ್‌ನ ಚಿತ್ರ ದೊಡ್ಡದಾಗಿ ಹಾಕಿದೆವು: ಸಿ ಶಾರ್ಪ್, ಮೈನಸ್ 14 ಸೆಂಟ್ಸ್, ಕೆಂಪು ಬಣ್ಣ. ಕೆಳಗೆ ‘ಶ್ರುತಿ ಎಲ್ಲಿ ಹೋಯ್ತು ತಾಯಿ?’ ಅಂತ ಶೀರ್ಷಿಕೆ. ಮೇಲೆ ನಮ್ಮ ಮುಖಗಳು, ನೋವಾದವರ ಥರ ಕಿವಿ ಮುಚ್ಚಿಕೊಂಡು.

ಸಖತ್ ಓಡ್ತು. ಮೆಸ್ಸಿನಲ್ಲಿ ಎರಡು ದಿನ ಅದೇ ಮಾತು. ಆಮೇಲೆ ಆ ಐವರು ಪ್ರಾಕ್ಟೀಸ್ ನಿಲ್ಲಿಸಿದರು ಅಂತ ಗೊತ್ತಾಯ್ತು. ಆಗಲೂ ನಮಗೇನೂ ಅನ್ನಿಸಲಿಲ್ಲ. “ಗ್ರಾಫ್ ಸುಳ್ಳು ಹೇಳಲ್ಲ ಗುರು” ಅಂದ್ಕೊಂಡೆವು.

ಮುಂದಿನ ಸೆಮಿಸ್ಟರಿನಲ್ಲಿ ಡಿಎಸ್‌ಪಿ ಲ್ಯಾಬ್ ಬಂತು. ಯಾವುದಾದರೂ ಆಡಿಯೋ ತಗೊಂಡು ಎಫ್‌ಎಫ್‌ಟಿ ಮಾಡಿ ಅಂದರು. ಕೈಗೆ ಸಿಕ್ಕಿದ್ದು ಅದೇ ಕ್ಲಿಪ್. ಐವರೂ ಒಟ್ಟಿಗೆ ಹಾಡೋ ಭಾಗ ತಗೊಂಡೆವು. ಅವರು ಹಿಡಿದ ಷಡ್ಜ 220 ಹರ್ಟ್ಜ್. ಆ ಹುಡುಗಿಯ ಸ್ವರ 275. 275 ಭಾಗ 220 ಎಷ್ಟು? ಸರಿಯಾಗಿ ಐದು ಭಾಗ ನಾಲ್ಕು.

ಅಲ್ಲಿಗೆ ನಮ್ಮ ನಗು ನಿಂತಿತು.

ಟ್ಯೂನರ್ ಆ್ಯಪ್ ಅಳೆಯೋದು ಕೀಬೋರ್ಡಿನ ಲೆಕ್ಕದಲ್ಲಿ. ಅಲ್ಲಿ ಒಂದು ಸ್ಥಾಯಿಯನ್ನ ಹನ್ನೆರಡು ಸಮ ಭಾಗ ಮಾಡಿರ್ತಾರೆ. ಒಂದೊಂದು ಮೆಟ್ಟಿಲಿಗೂ ಆವರ್ತನ ಸುಮಾರು 1.0595 ಪಟ್ಟು ಏರುತ್ತೆ. ಒಂದು ಮೆಟ್ಟಿಲು ಅಂದ್ರೆ 100 ಸೆಂಟ್ಸ್. ಆ ಲೆಕ್ಕದಲ್ಲಿ 220ರಿಂದ ನಾಲ್ಕು ಮೆಟ್ಟಿಲು ಏರಿದ್ರೆ 277.18 ಹರ್ಟ್ಜ್. ಇದು ಎಲ್ಲಾ ಶ್ರುತಿಯಲ್ಲೂ ಒಂದೇ ಕೀಬೋರ್ಡ್ ನಡೆಯಲಿ ಅಂತ ಮಾಡಿಕೊಂಡ ಹೊಂದಾಣಿಕೆ. 220ರ ಐದನೇ ಹಾರ್ಮೋನಿಕ್ 1100. 277.18ರ ನಾಲ್ಕನೇ ಹಾರ್ಮೋನಿಕ್ ಸುಮಾರು 1108.7. ಎರಡೂ ಒಟ್ಟಿಗೆ ಬಂದ್ರೆ ಸೆಕೆಂಡಿಗೆ ಎಂಟೊಂಬತ್ತು ಸಲ ನಡುಗುತ್ತೆ. ಅದೇ 275ರ ನಾಲ್ಕನೇ ಹಾರ್ಮೋನಿಕ್ ನೋಡಿ: 1100. ಅಪ್ಪಟ ಕೂಡಿಕೆ, ನಡುಕ ಇಲ್ಲ. ಪಿಯಾನೋ ಜೊತೆ ಇಲ್ಲದಿದ್ದಾಗ ಒಳ್ಳೇ ಹಾಡುಗಾರರು ಕಿವಿ ಹೇಳಿದ ಹಾಗೆ ಈ ಕಡೆಗೇ ಸರೀತಾರೆ. ಅ ಕಪೆಲ್ಲಾದ ಸ್ವರಮೇಳ ಗಂಟೆ ಥರ ಮೊಳಗೋದಕ್ಕೆ ಇದೂ ಒಂದು ಕಾರಣ. 277.18ಕ್ಕೂ 275ಕ್ಕೂ ಇರೋ ವ್ಯತ್ಯಾಸ ಸೆಂಟ್ಸ್‌ನಲ್ಲಿ ಎಷ್ಟು ಅಂತ ಲೆಕ್ಕ ಹಾಕಿ. 13.7. ಆ್ಯಪ್ ಅದನ್ನೇ 14 ಮಾಡಿ ಕೆಂಪು ಬಣ್ಣ ಬಳಿದಿತ್ತು.

ಅವಳನ್ನ ಹುಡುಕಿಕೊಂಡು ಹೋಗಿ ಕೇಳಿದೆವು, “ಬೇಕಂತಲೇ ಹಾಗೆ ಹಾಡಿದ್ಯಾ?” ಅಂತ.

“ಲೆಕ್ಕ ಎಲ್ಲ ಗೊತ್ತಿಲ್ಲ ಅಣ್ಣ. ಚಿಕ್ಕೋಳಿದ್ದಾಗಿಂದ ತಂಬೂರಿ ಇಟ್ಕೊಂಡು ಹಾಡಿ ಅಭ್ಯಾಸ. ಗಾಂಧಾರ ಅಲ್ಲೇ ಕೇಳಿಸುತ್ತೆ” ಅಂದಳು.

ಹೌದು. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಮೊಳಗುತ್ತೆ ಅಂತ ಸಂಗೀತ ಕಲಿತವರು ಹೇಳ್ತಾರಲ್ಲ, ಅದು ಷಡ್ಜದ ತಂತಿಯ ಇದೇ ಐದನೇ ಹಾರ್ಮೋನಿಕ್. ನಾಲ್ಕು ವರ್ಷ ಫೂರಿಯೇ ಜಪ ಮಾಡಿದ ನಮಗೆ ಕೇಳಿಸದಿದ್ದದ್ದು ಅವಳಿಗೆ ಕೇಳಿಸಿತ್ತು. ಕೇಳಿಸಿದ್ದಕ್ಕೆ ನಾವು ಅವಳನ್ನ ಇಡೀ ಕಾಲೇಜಿನ ಮುಂದೆ ನಗೆಪಾಟಲು ಮಾಡಿದ್ದೆವು.

ಹಾಗಂತ ಅವರ ಹಾಡು ಪರ್ಫೆಕ್ಟ್ ಆಗಿತ್ತು ಅಂತಲ್ಲ. ನಡುವೆ ಒಂದು ಕಡೆ ಐವರೂ ಒಟ್ಟಿಗೆ ಕೆಳಗೆ ಜಾರಿದ್ದರು, ತಾಳ ಓಡಿತ್ತು. ಪೂರ್ತಿ ಹಾಡು ಗಮನ ಇಟ್ಟು ಕೇಳಿದ್ದಿದ್ರೆ ಅದನ್ನ ಹೇಳಬಹುದಿತ್ತು, ಅವರಿಗೆ ಉಪಯೋಗವೂ ಆಗ್ತಿತ್ತು. ನಾವು ಹುಡುಕಿದ್ದು ತಪ್ಪನ್ನಲ್ಲ, ನಿಲ್ಲಿಸೋದಕ್ಕೆ ಒಂದು ಜಾಗವನ್ನ.

ಗ್ರಾಫ್ ಬೇಡವೇ ಬೇಡ ಅಂತಲೂ ನಮ್ಮ ವಾದ ಅಲ್ಲ. ‘ವಿಂಗ್ಸ್ ಆಫ್ ಪೆಗಾಸಸ್’ ಚಾನೆಲ್‌ನವರು ಸ್ವರದ ಗೆರೆ ತೋರಿಸಿ, ಇಲ್ಲಿ ಪಿಚ್ ಕರೆಕ್ಷನ್ ಆಗಿದೆ, ಇಲ್ಲಿ ಆಗಿಲ್ಲ ಅಂತ ವಿವರಿಸ್ತಾರೆ. ಮನುಷ್ಯನ ದನಿ ಗೆರೆ ಎಳೆದ ಹಾಗೆ ನೆಟ್ಟಗೆ ನಿಲ್ಲಲ್ಲ, ತುಸು ತೂಗಾಡುತ್ತೆ. ಹಾಡಿನುದ್ದಕ್ಕೂ ಕೀಬೋರ್ಡಿನ ಗೆರೆ ಮೇಲೇ ಕೂತಿದ್ರೆ ಸಾಫ್ಟ್‌ವೇರ್ ಕೈ ಆಡಿಸಿರಬಹುದು ಅಂತ ಅನುಮಾನ ಪಡಬಹುದು. ಇದು ಗ್ರಾಫ್‌ನ ನ್ಯಾಯವಾದ ಬಳಕೆ. ‘ಹಲ್ಲೆಲೂಯಾ’ ವಿಡಿಯೋದಲ್ಲಿ ಐವರು ಬಯಲಲ್ಲಿ ನಿಂತು ಹಾಡ್ತಾರೆ, ಕೈಯಲ್ಲಿ ಮೈಕ್ ಇಲ್ಲ. ನಾವು ಕೇಳ್ತಿರೋದು ಮೊದಲೇ ರೆಕಾರ್ಡ್ ಮಾಡಿ ಮಿಕ್ಸ್ ಮಾಡಿದ ದನಿ. ಅದರಿಂದ ಹಾಡಿನ ಬೆಲೆಯೇನೂ ಕಡಿಮೆ ಆಗಲ್ಲ. ಆದ್ರೆ ಅದನ್ನ ಲೈವ್ ಅಂದ್ಕೊಂಡು ಬಾಯಿ ಬಿಡೋ ವಿಶ್ಲೇಷಕರನ್ನ ನಂಬಿ, ಆಮೇಲೆ ಕೊರಕೊರ ಮೈಕಿನ ಮುಂದೆ ನಿಂತ ನಮ್ಮ ಜೂನಿಯರ್ಸ್‌ಗೆ ಅದೇ ಅಳತೆಗೋಲು ಹಿಡಿದೆವಲ್ಲ, ಅದು ಅನ್ಯಾಯ.

ಕಾನೂನು ಕೂಡ ಇಲ್ಲಿ ಒಂದು ಗೆರೆ ಎಳೆದಿದೆ. 2017ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು ಹೊಸ್ಸೈನ್‌ಜಾದೆ ಮತ್ತು ಕ್ಲೈನ್ ನಡುವಿನ ಮೊಕದ್ದಮೆಯಲ್ಲಿ ಒಂದು ರಿಯಾಕ್ಷನ್ ವಿಡಿಯೋ ಪರವಾಗಿ ತೀರ್ಪು ಕೊಟ್ಟಿತು. ತುಣುಕು ತೋರಿಸಿ ಅದರ ಮೇಲೆ ಟೀಕೆ ಮಾಡಿದ್ದಾರೆ, ಅದು ನ್ಯಾಯಯುತ ಬಳಕೆ ಅಂತ. ಜೊತೆಗೆ ನ್ಯಾಯಾಧೀಶರು ಒಂದು ಎಚ್ಚರಿಕೆಯನ್ನೂ ಸೇರಿಸಿದರು: ಕೆಲವು ರಿಯಾಕ್ಷನ್ ವಿಡಿಯೋಗಳು ವ್ಯಾಖ್ಯಾನವೇ ಇಲ್ಲದೆ ಗುಂಪಾಗಿ ಕೂತು ನೋಡಿದ ಹಾಗಿರುತ್ತವೆ, ಎಲ್ಲವೂ ನ್ಯಾಯಯುತ ಅಂತ ಈ ತೀರ್ಪು ಹೇಳ್ತಿಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಕೂಡ ವಿಮರ್ಶೆಗೆ ಜಾಗ ಕೊಟ್ಟಿದೆ. ಗಮನಿಸಿ, ಜಾಗ ಇರೋದು ವಿಮರ್ಶೆಗೆ. ಕಿವಿ ಮುಚ್ಚಿಕೊಂಡ ಮುಖ ವಿಮರ್ಶೆ ಆಗುತ್ತಾ? ನಾವಂತೂ ಆಗುತ್ತೆ ಅಂತ ವಾದಿಸೋಕೆ ಹೋಗಲ್ಲ.

ಹಾಗಾದ್ರೆ ಏನು ಮಾಡೋಣ? ರಿಯಾಕ್ಷನ್ ನೋಡೋದು ಬಿಡಿ ಅಂದ್ರೆ ನಾವೇ ಬಿಡಲ್ಲ. ಆದ್ರೆ ಮೊದಲು ಹಾಡನ್ನ ಇಯರ್‌ಫೋನ್ ಹಾಕ್ಕೊಂಡು ಒಂದ್ಸಲ ಪೂರ್ತಿ ಕೇಳೋಣ. ಎರಡನೇ ಸಲ ನಡುವಿನ ಒಂದು ದನಿಯನ್ನ ಮಾತ್ರ ಹಿಂಬಾಲಿಸೋಣ. ಅದು ಎಷ್ಟು ಕಷ್ಟ ಅಂತ ಮಾಡಿ ನೋಡಿ. ಆಮೇಲೆ ವಿಶ್ಲೇಷಣೆ ನೋಡೋಣ, ನಮಗೆ ಕೇಳಿಸದ ಯಾವುದನ್ನ ಅವರು ತೋರಿಸಿದರು ಅಂತ. ಏನೂ ತೋರಿಸದಿದ್ರೆ ಆ ಚಾನೆಲ್‌ಗೆ ನಮಸ್ಕಾರ. ಇನ್ನು ಕ್ಯಾಂಪಸ್ಸಿನವರ ಹಾಡಿನ ಬಗ್ಗೆ ಹೇಳೋದಿದ್ರೆ ಕ್ಯಾಮೆರಾ ಬಿಟ್ಟು ನೇರ ಅವರ ಹತ್ತಿರ ಹೋಗಿ ಹೇಳೋಣ. ಪೆಂಟಾಟಾನಿಕ್ಸ್‌ಗೆ ನಮ್ಮ ಮಾತು ತಟ್ಟಲ್ಲ. ಪಕ್ಕದ ಬ್ಲಾಕಿನವರಿಗೆ ತಟ್ಟುತ್ತೆ.

ವಿಡಿಯೋ ತೆಗೆದುಹಾಕಿದ್ದೀವಿ, ಐವರಿಗೂ ಕ್ಷಮೆ ಕೇಳಿದ್ದೀವಿ. ಇಬ್ಬರು ವಾಪಸ್ ಬರಲಿಲ್ಲ. “ಪರವಾಗಿಲ್ಲ ಬಿಡಿ” ಅಂದರು ಅಷ್ಟೆ. ಉಳಿದ ಮೂವರು ಈಗ ಶನಿವಾರ ಸಂಜೆ ಲೈಬ್ರರಿ ಹಿಂದಿನ ಮೆಟ್ಟಿಲ ಮೇಲೆ ಮತ್ತೆ ಹಾಡ್ತಿದ್ದಾರೆ. ಇನ್ನಿಬ್ಬರು ಬೇಕಾಗಿದ್ದಾರೆ, ಹಾಡೋರು ಯಾರಾದ್ರೂ ಇದ್ರೆ ಹೋಗಿ. ನಾವು ಹೋಗಿ ಕೂತ್ಕೋತೀವಿ. ಮೊಬೈಲ್ ಜೇಬಲ್ಲೇ ಇರಲಿ ಅನ್ನೋದು ಅವರ ಷರತ್ತು. ಮೊದಲ ವಾರ ಹಾಡು ಮುಗಿದಾಗ ಏನು ಹೇಳಬೇಕು ಅಂತ ನಮಗೆ ತೋಚಲಿಲ್ಲ. “ಇನ್ನೊಂದ್ಸಲ ಹಾಡ್ತೀರಾ?” ಅಂತ ಕೇಳಿದೆವು. ಹಾಡಿದರು.