ಸುದ್ದಿಯ ಬೆಲೆ

ನಮ್ಮ ಎನ್.ಆರ್. ಕಾಲೋನಿಯಲ್ಲಿ ಇಂದಿಗೂ ವೀರಪ್ಪನ್ ಮಾತು ಬಂದರೆ ಎಲ್ಲರೂ ಕೋವಿ ಹಿಡಿದವರೇ. "ಮೊದಲೇ ಸೈನ್ಯ ನುಗ್ಗಿಸಿದ್ದರೆ ಎಂದೋ ಮುಗಿಯುತ್ತಿತ್ತು" ಅನ್ನುತ್ತಾರೆ. ಮೊನ್ನೆ ಸ್ಟಾಫ್ ರೂಮಿನಲ್ಲೂ ಇದೇ ಮಾತಾಯಿತು. ನನಗೆ ಸುಮ್ಮನಿರಲಾಗಲಿಲ್ಲ.

2000ದ ಜುಲೈ 30, ಅಮಾವಾಸ್ಯೆಯ ರಾತ್ರಿ, ಗಾಜನೂರಿನ ಮನೆಯಿಂದ ಡಾ. ರಾಜಕುಮಾರ್ ಅವರನ್ನು ಅವನು ಎತ್ತಿಕೊಂಡು ಹೋದ. ಮರುದಿನ ಬೆಂಗಳೂರಿನಲ್ಲಿ ಬಸ್ಸಿಲ್ಲ, ಶಾಲೆಯಿಲ್ಲ. ಆಮೇಲೆ 108 ದಿನ! ಎಪ್ಪತ್ತು ದಾಟಿದ ಹಿರಿಯರು ಅವನ ಪಕ್ಕದಲ್ಲೇ ಕುಳಿತಿರುವಾಗ ಸೈನ್ಯ ಗುರಿ ಇಡುವುದಾದರೂ ಎಲ್ಲಿಗೆ? ಯಾವ ಗುಡ್ಡದಲ್ಲಿದ್ದಾರೆಂದು ಖಚಿತವಾಗಿ ತಿಳಿದರಲ್ಲವೇ ಬಿಡಿಸುವ ಮಾತು? ಕ್ಯಾಸೆಟ್ಟು ಬರುತ್ತಿತ್ತು, ಸಂಧಾನಕಾರರು ಹೋಗುತ್ತಿದ್ದರು, ನಾವು ದೇವರಿಗೆ ಹರಕೆ ಹೊರುತ್ತಿದ್ದೆವು. 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಒಯ್ದಾಗ ಹರಕೆಯೂ ಫಲಿಸಲಿಲ್ಲ. ಡಿಸೆಂಬರಿನಲ್ಲಿ ಕಾಡಿನಲ್ಲಿ ಸಿಕ್ಕಿದ್ದು ಅವರ ಶವ.

ಅಂಥವನು ಕೊನೆಗೆ ಸತ್ತದ್ದು ಹೇಗೆ? ವಿಜಯಕುಮಾರ್ ಅವರ ತಮಿಳುನಾಡು ಪಡೆ ಅವನ ನಂಬಿಕೆಯ ವಲಯದೊಳಗೇ ತನ್ನವರನ್ನು ಸೇರಿಸಿತ್ತು. ಅವನ ಕಣ್ಣು ಮಂಜಾಗಿದೆ, ವೈದ್ಯರ ಬಳಿಗೆ ಹೋಗಲೇಬೇಕು ಎಂಬ ಸುದ್ದಿ ಅವರ ಕೈ ಸೇರಿತು. 2004ರ ಅಕ್ಟೋಬರ್ 18ರ ರಾತ್ರಿ ಅವನೂ ಮೂವರು ಸಂಗಡಿಗರೂ ತಾವಾಗಿಯೇ ಆಂಬುಲೆನ್ಸ್ ಹತ್ತಿದರು. ಓಡಿಸುತ್ತಿದ್ದವನು ಪೊಲೀಸಿನವನು. ಧರ್ಮಪುರಿಯ ಪಾಪ್ಪಾರಪಟ್ಟಿಯ ಬಳಿ ಎಲ್ಲ ಮುಗಿಯಿತು. ಗುಂಡು ಹಾರಿದ್ದೇನೋ ನಿಜ. ಆದರೆ ಗುಂಡು ಹಿಂದೆಯೂ ಇತ್ತಲ್ಲ, ಹತ್ತು ಹನ್ನೆರಡು ವರ್ಷ ರಾಶಿ ರಾಶಿ!

"ಹಾಗಾದರೆ ನಾಲ್ಕು ಬಿಗಿದು ಬಾಯಿ ಬಿಡಿಸಬೇಕಿತ್ತು" ಎಂದರು ಗೆಳತಿಯೊಬ್ಬರು. ಅದನ್ನೂ ಮಾಡಿ ನೋಡಿದರಲ್ಲಮ್ಮ. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಸೋಲಿಗರನ್ನು, ಹಳ್ಳಿಯ ಹೆಂಗಸರನ್ನು ಎಳೆದೊಯ್ದು ಏನೇನು ಮಾಡಿದರೆಂದು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯ ಮುಂದೆ ಅವರೇ ಅಳುತ್ತ ಹೇಳಿದ್ದಾರೆ. 2007ರಲ್ಲಿ 89 ಮಂದಿಗೆ ಪರಿಹಾರ ಕೊಡಿ ಎಂದು ಮಾನವ ಹಕ್ಕು ಆಯೋಗವೇ ಹೇಳಬೇಕಾಯಿತು. ಅಷ್ಟು ಹೊಡೆದರೂ ವೀರಪ್ಪನ್ ಸಿಕ್ಕಿದನೇ? ಬೆತ್ತ ಹಿಡಿದು ನಿಂತರೆ ಸೀಮೆಸುಣ್ಣ ಕದಿಯದ ಹುಡುಗನೂ "ನಾನೇ ಮಿಸ್" ಅನ್ನುತ್ತಾನೆ, ಮೂವತ್ತು ವರ್ಷ ಪಾಠ ಹೇಳಿದ ನನಗೆ ಇಷ್ಟು ಗೊತ್ತು. ಕಳ್ಳನಿಗೂ ಪೊಲೀಸರಿಗೂ ಒಂದೇ ಸಮ ಹೆದರುವ ಹೆಂಗಸು ಯಾರ ಕಿವಿಗೆ ತಾನೇ ಸುದ್ದಿ ಹಾಕಿಯಾಳು?

ಸುಳ್ಳು ಸುದ್ದಿಯೂ ಕೊಲ್ಲುತ್ತದೆ. 1992ರ ಆಗಸ್ಟಿನಲ್ಲಿ ಎಸ್.ಪಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಅಂಥದೊಂದು ಸುದ್ದಿ ನಂಬಿ ಮೀಣ್ಯಂ ಬಳಿ ಹೊಂಚಿಗೆ ಬಲಿಯಾದರು.

ಆ ಶಕೀಲರ ತಂದೆ ಅಬ್ದುಲ್ ಕರೀಂ ಅವರೇ 2000ದಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು. ರಾಜಕುಮಾರ್ ಅವರ ಬಿಡುಗಡೆಗಾಗಿ ಮೈಸೂರು ಜೈಲಿನ ಟಾಡಾ ಕೈದಿಗಳನ್ನು ಬಿಡಬಾರದೆಂದು. "ಅಣ್ಣಾವ್ರ ಜೀವ ತೂಗುತ್ತಿರುವಾಗ ಈ ಮುದುಕನಿಗೇನು ಹಟ" ಎಂದು ಬೈದವರಲ್ಲಿ ನಾನೂ ಒಬ್ಬಳು. ನಮ್ಮ ಬಸ್ ಸ್ಟಾಪಿನಲ್ಲಿ ನಿಂತು, ನಾಲ್ಕು ಜನರೆದುರು ಅಂದಿದ್ದೆ. ಅವರ ಮಗ ಹೇಗೆ ಸತ್ತನೆಂದು ಆಗ ನಾನು ಓದಿಯೂ ಇರಲಿಲ್ಲ.