ಹಲಾಲ್ ಫಲಕದ ಹಿಂದಿನ ಕಾರ್ಬೈಡ್ ಪೊಟ್ಟಣ

ಕೈಲಾಂಚ ಹೋಬಳಿಯ ತೋಪುಗಳಲ್ಲಿ ಕಾಯಿ ಬಲಿಯುವ ಮೊದಲೇ ಮಾರುಕಟ್ಟೆಯ ಲೆಕ್ಕಾಚಾರ ಆರಂಭವಾಗಿರುತ್ತದೆ. ರಾಜ್ಯದಲ್ಲಿ ಎಲ್ಲರಿಗಿಂತ ಮೊದಲು ಮಾರಾಟಕ್ಕೆ ಬರುವುದು ರಾಮನಗರ ಸೀಮೆಯ ಮಾವು. ಕೋಲಾರದ ಶ್ರೀನಿವಾಸಪುರದ ಹಣ್ಣು ಬಂದಿಳಿಯುವ ಹೊತ್ತಿಗೆ ಬೆಲೆ ಕುಸಿಯುವ ಭಯವಿರುವುದರಿಂದ, ತೋಪನ್ನು ಗುತ್ತಿಗೆ ಹಿಡಿದವನಿಗೆ ಒಂದೊಂದು ವಾರವೂ ದುಡ್ಡು. ಎಳೆಯ ಬಾದಾಮಿಯನ್ನು ಕಿತ್ತು, ಹುಲ್ಲಿನಲ್ಲಿ ಅಡೆ ಹಾಕಿ ಕಾಯುವ ತಾಳ್ಮೆಯಿಲ್ಲದೆ, ಪೆಟ್ಟಿಗೆಯ ನಡುವೆ ಕ್ಯಾಲ್ಸಿಯಂ ಕಾರ್ಬೈಡಿನ ಪೊಟ್ಟಣ ಇಡುವ ಕಳ್ಳದಾರಿ ಹುಟ್ಟಿಕೊಂಡದ್ದು ಹೀಗೆ. ತೇವ ತಾಗಿದೊಡನೆ ಅದು ಅಸಿಟಲೀನ್ ಅನಿಲವನ್ನು ಬಿಡುತ್ತದೆ. ಅದರೊಂದಿಗೆ ಆರ್ಸೆನಿಕ್ ಮತ್ತು ರಂಜಕದ ವಿಷಾಂಶಗಳೂ ಹೊರಬೀಳುತ್ತವೆ. ಹೀಗೆ ಮಾಗಿಸಿದ ಹಣ್ಣಿನ ಮಾರಾಟವನ್ನು ಆಹಾರ ಸುರಕ್ಷತೆಯ 2011ರ ನಿಯಮಾವಳಿ ಸ್ಪಷ್ಟವಾಗಿ ನಿಷೇಧಿಸಿದೆ.

ಈ ದಂಧೆಯಲ್ಲಿ ಎಲ್ಲ ಧರ್ಮದವರಂತೆ ನಮ್ಮವರೂ ಇದ್ದಾರೆ ಎಂಬುದನ್ನು ಒಪ್ಪಿಕೊಂಡೇ ಮಾತು ಮುಂದುವರಿಸಬೇಕು. ಮಾವಿನ ಹಣ್ಣಿನಲ್ಲಿ ಹರಾಮ್ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಪವಿತ್ರ ಕುರ್‌ಆನಿನ ಎರಡನೇ ಅಧ್ಯಾಯದ 168ನೇ ವಚನವನ್ನು ಇವರು ಅರ್ಧ ಮಾತ್ರ ಓದಿದ್ದಾರೆ. ಅಲ್ಲಿ ಹಲಾಲ್ ಎಂಬುದರ ಜೊತೆಗೇ ತಯ್ಯಿಬ್, ಅಂದರೆ ಶುದ್ಧ ಮತ್ತು ಹಿತಕರ ಎಂಬ ಷರತ್ತೂ ಇದೆ. ಅಷ್ಟೇ ಅಲ್ಲ, ಆ ವಚನದ ಸಂಬೋಧನೆ ವಿಶ್ವಾಸಿಗಳಿಗೆ ಸೀಮಿತವಲ್ಲ, ಸಕಲ ಮಾನವರಿಗೆ. ಪ್ರವಾದಿ ಮುಹಮ್ಮದ್(ಸ)ರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಳಿಸಿದಾಗ ಒಳಗಿನ ಕಾಳು ಒದ್ದೆಯಾಗಿತ್ತು. ಮಳೆಯಿಂದ ನೆನೆಯಿತೆಂದ ವ್ಯಾಪಾರಿಗೆ, ಹಾಗಾದರೆ ಅದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಪ್ರಶ್ನಿಸಿದರು. ವಂಚಿಸುವವನು ನಮ್ಮವನಲ್ಲವೆಂದೂ ಸಾರಿದರು. ಆ ಧಾನ್ಯ ಹರಾಮ್ ಆಗಿರಲಿಲ್ಲ. ತೇವವನ್ನು ಬಚ್ಚಿಟ್ಟದ್ದು ಅಪರಾಧವಾಗಿತ್ತು. ಹಸಿರು ಕಾಯಿಗೆ ಹಳದಿ ಬಣ್ಣ ಬರಿಸಿ ಹಣ್ಣೆಂದು ಮಾರುವುದು ಇದಕ್ಕಿಂತ ಹೇಗೆ ಭಿನ್ನ?

ಕಾನೂನಿನ ಕಡೆಗೆ ಬರೋಣ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 18ನೇ ಕಲಂ, ಸರಕಾರ ಯಾವ ತತ್ವಗಳಿಗೆ ಬದ್ಧವಾಗಿ ನಿಯಂತ್ರಣ ನಡೆಸಬೇಕೆಂದು ವಿವರಿಸುತ್ತದೆ. ಮಾನವ ಜೀವ ಮತ್ತು ಆರೋಗ್ಯದ ರಕ್ಷಣೆ ಮೊದಲನೆಯದು. ಅಪಾಯದ ಶಂಕೆಯಿದ್ದು ವೈಜ್ಞಾನಿಕ ಖಚಿತತೆ ಇನ್ನೂ ದೊರೆಯದಿದ್ದಾಗ ತಾತ್ಕಾಲಿಕ ಮುಂಜಾಗ್ರತೆ ವಹಿಸಬಹುದು. ಆದರೆ ಆ ಕ್ರಮ ಅಪಾಯಕ್ಕೆ ತಕ್ಕಷ್ಟೇ ಇರಬೇಕು, ಅಗತ್ಯಕ್ಕಿಂತ ಹೆಚ್ಚು ವ್ಯಾಪಾರವನ್ನು ಕಟ್ಟಿಹಾಕಬಾರದು ಮತ್ತು ಸಕಾಲದಲ್ಲಿ ಮರುಪರಿಶೀಲನೆಗೆ ಒಳಗಾಗಬೇಕು. ರೈತನ ಹೊಲದಲ್ಲಿನ ಬೆಳೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲವೆಂದೂ ಅದೇ ಕಲಂ ಹೇಳುತ್ತದೆ. ಅಂದರೆ ಕೈಲಾಂಚದ ರೈತನ ತೋಪಿಗೆ ಅಧಿಕಾರಿ ನುಗ್ಗುವಂತಿಲ್ಲ; ಹಣ್ಣು ಮಾಗಿಸುವ ಗೋದಾಮಿನ ಬಾಗಿಲನ್ನು ತಟ್ಟದೆ ಇರುವಂತೆಯೂ ಇಲ್ಲ.

ಹಿಸ್ಬಾ ವ್ಯವಸ್ಥೆಯ ಕುರಿತು ಬರೆದ ಇಮಾಮ್ ಮಾವರ್ದಿಯವರ ನಿಲುವೂ ಇದಕ್ಕೆ ದೂರವಲ್ಲ. ಸಂತೆಯ ಮೇಲ್ವಿಚಾರಕನಾದ ಮುಹ್ತಸಿಬ್ ಪ್ರಕಟವಾದ ಕೆಡುಕನ್ನು ತಡೆಯಬೇಕು, ಮರೆಯಲ್ಲಿರುವುದನ್ನು ಗೂಢಚಾರನಂತೆ ಕೆದಕಬಾರದು ಎಂದಿದ್ದರು ಅವರು. ಅವರ ಕಾಲ ಹನ್ನೊಂದನೇ ಶತಮಾನ.

ನಮ್ಮ ರಾಜ್ಯ ಈ ತತ್ವಗಳನ್ನು ಪಾಲಿಸಿದ ನಿದರ್ಶನವಿದೆ. 2024ರ ಮಾರ್ಚ್‌ನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಪ್ರಕಟಿಸಿ, ಕೃತಕ ಬಣ್ಣವನ್ನು ನಿಷೇಧಿಸಿದರು. ಬಾಂಬೆ ಮಿಠಾಯಿಯಲ್ಲಿ ಸಿಕ್ಕಿದ್ದು ಬಟ್ಟೆಗೆ ಹಾಕುವ ರೋಡಮೈನ್-ಬಿ! ಜೂನ್‌ನಲ್ಲಿ ಕಬಾಬಿನ ಸರದಿ: 39 ಮಾದರಿಗಳಲ್ಲಿ 8 ವಿಫಲ. ಆಗ ನಮ್ಮಲ್ಲಿ ಕೆಲವರು ಇದನ್ನು ಮುಸ್ಲಿಮರ ಗಾಡಿಗಳ ಮೇಲಿನ ದಾಳಿ ಎಂದು ಬಗೆದರು. ಗೋಬಿಯ ಬಾಣಲೆಗೂ ಕಬಾಬಿನ ಬಾಣಲೆಗೂ ಒಂದೇ ಪರೀಕ್ಷೆ, ಒಂದೇ ಅಳತೆ ಇದ್ದದ್ದು ಅವರ ಕಣ್ಣಿಗೆ ಬೀಳಲಿಲ್ಲ. ಆಕ್ಷೇಪಿಸಲೇಬೇಕಾದ ಒಂದು ಸಂಗತಿ ಇತ್ತು. ಅದನ್ನು ಯಾರೂ ಎತ್ತಲಿಲ್ಲ. ಬಣ್ಣ ಹಾಕಿದವರಿಗೆ ಜೀವಾವಧಿ ಶಿಕ್ಷೆ ಎಂದು ಡಂಗುರ ಸಾರಲಾಯಿತು. ಕಾಯ್ದೆಯ 59ನೇ ಕಲಂ ಆ ಶಿಕ್ಷೆಯನ್ನು ಮೀಸಲಿಟ್ಟಿರುವುದು ಸಾವು ಸಂಭವಿಸಿದ ಪ್ರಕರಣಕ್ಕೆ.

ಇನ್ನು ತತ್ವಗಳನ್ನು ಗಾಳಿಗೆ ತೂರಿದ ನಿದರ್ಶನಗಳು. 2023ರ ನವೆಂಬರ್‌ನಲ್ಲಿ ಉತ್ತರ ಪ್ರದೇಶ ಸರಕಾರ ಹಲಾಲ್ ಪ್ರಮಾಣಪತ್ರವಿರುವ ಆಹಾರವನ್ನು ಸಾರ್ವಜನಿಕ ಆರೋಗ್ಯದ ಹೆಸರಿನಲ್ಲಿ ನಿಷೇಧಿಸಿತು. ರಫ್ತಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಲಕ್ನೋದಲ್ಲಿ ಆರೋಗ್ಯಕ್ಕೆ ಮಾರಕವಾದದ್ದು ಹಡಗು ಹತ್ತಿದೊಡನೆ ಪಥ್ಯವಾಗುವುದೇ? ಮರುವರ್ಷ ಕಾಂವಡ್ ಯಾತ್ರೆಯ ದಾರಿಯಲ್ಲಿ ಅಂಗಡಿ ಮಾಲೀಕರ ಹೆಸರು ಬರೆಸಲು ಪೊಲೀಸರು ಹೊರಟಾಗ ಸುಪ್ರೀಂ ಕೋರ್ಟ್ ಜುಲೈ 22ರಂದು ತಡೆಯಾಜ್ಞೆ ನೀಡಿತು: ಬಡಿಸುವ ಆಹಾರ ಯಾವುದೆಂದು ತಿಳಿಸಲು ಹೇಳಬಹುದು, ಹೆಸರು ಹಾಕಲು ಬಲವಂತ ಮಾಡಬಾರದು. ಅದೇ ವಾರ ಬೆಂಗಳೂರಿನ ರೈಲು ನಿಲ್ದಾಣಕ್ಕೆ ರಾಜಸ್ಥಾನದಿಂದ ಬಂದ ಮಾಂಸವನ್ನು ನಾಯಿಯದೆಂದು ಗುಲ್ಲೆಬ್ಬಿಸಲಾಯಿತು. ಅಧಿಕಾರಿಗಳು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದರು. ನಾಯಿಯ ಮಾಂಸವಲ್ಲವೆಂದು ವರದಿ ಬಂತು. ಅಷ್ಟರಲ್ಲಿ ಗುಲ್ಲು ಊರೂರು ಸುತ್ತಿ ಮುಗಿದಿತ್ತು. 2022ರ ಹೊಸತೊಡಕಿನಂದು ಹಲಾಲ್ ಮಾಂಸ ಬಹಿಷ್ಕರಿಸಿರೆಂಬ ಪ್ರಚಾರ ನಡೆದಾಗ ಯಾವ ಪ್ರಯೋಗಾಲಯದ ಮಾತೂ ಇರಲಿಲ್ಲ ಎಂಬುದನ್ನು ನಮ್ಮ ಸೀಮೆಯವರು ಮರೆತಿರಲಾರರು.

ಇಂತಹ ಅಪಪ್ರಚಾರಕ್ಕೆ ನಾವು ಕೊಡಬಲ್ಲ ಉತ್ತರ ಪ್ರಯೋಗಾಲಯವೇ. ಕಾರ್ಬೈಡ್ ಪೊಟ್ಟಣಕ್ಕೆ ನಾವೇ ಕಾವಲು ನಿಂತರೆ ಆ ಉತ್ತರವನ್ನು ಕೊಡುವ ನೈತಿಕ ಹಕ್ಕು ನಮಗೆಲ್ಲಿ ಉಳಿಯುತ್ತದೆ? ಶುಕ್ರವಾರದ ಖುತ್ಬಾಗಳಲ್ಲಿ ಝಬೀಹದ ವಿಧಾನ ಎಷ್ಟೋ ಸಲ ಪ್ರಸ್ತಾಪವಾಗಿದೆ. ಮಂಡಿಯ ಪೆಟ್ಟಿಗೆಯೊಳಗಿನ ಪೊಟ್ಟಣವನ್ನು ಕುರಿತು ಖುತ್ಬಾ ಕೇಳಿದ ನೆನಪು ನನಗಿಲ್ಲ.

ಸರಕಾರಕ್ಕೂ ಹೇಳುವುದಿದೆ. ಎಥಿಲೀನ್ ಅನಿಲದಿಂದ ಹಣ್ಣು ಮಾಗಿಸಲು 2016ರಿಂದ ಅನುಮತಿಯಿದೆ, ಮಿತಿ 100 ಪಿಪಿಎಂ. ಅದಕ್ಕೆ ಬೇಕಾದ ಕೋಣೆಯನ್ನು ಕಟ್ಟಿಸುವ ಶಕ್ತಿ ನಾಲ್ಕು ಎಕರೆ ತೋಪು ಹಿಡಿದ ಗುತ್ತಿಗೆದಾರನಿಗಿಲ್ಲ. ಪೆಟ್ಟಿಗೆಯನ್ನು ಜಪ್ತಿ ಮಾಡಲು ಜೀಪು ಬರುವ ಊರಿಗೆ, ಮಾವಿನ ಸುಗ್ಗಿಗೆ ಮುಂಚೆ, ಬಾಡಿಗೆಗೆ ಸಿಗುವ ಅಂಥದೊಂದು ಕೋಣೆಯೂ ಬರಲಿ.